ನಂಬಿಕೆಯಿಲ್ಲದ ಕೈಗೆ ಕೊಟ್ಟ ಹವಳ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನಾಳೆಯಿಂದ ನಾನೇ ಪಾಠ ಹೇಳಬೇಕೆಂದು ಅಪ್ಪಣೆ ಕೊಟ್ಟಿದ್ದೀರಿ. ಬಂದವರಲ್ಲಿ ಅರ್ಧ ಜನಕ್ಕೆ ಕುಳಿತು ಕೇಳುವ ತಾಳ್ಮೆಯೂ ಇಲ್ಲ. ನೀವು ಕೊಟ್ಟ ವಿದ್ಯೆಯನ್ನು ಅವರು ಕೆಡಿಸಿಬಿಡುತ್ತಾರೆಂದು ನನಗೆ ಭಯ. ಯೋಗ್ಯರನ್ನು ಮಾತ್ರ ಆರಿಸಿಕೊಳ್ಳಲೇ?"

ಗುರುಗಳು ಹೇಳಿದರು:

ನಡುಗಡಲಿನಲ್ಲಿ ಒಂದು ದ್ವೀಪ. ಅದರ ಸುತ್ತ ನೀರಿನೊಳಗೆ ಹವಳದ ದಿಬ್ಬ. ದೊಡ್ಡ ಅಲೆಗಳು ಆ ದಿಬ್ಬಕ್ಕೆ ಬಡಿದು ಸುಸ್ತಾಗಿ ದಡಕ್ಕೆ ಬರುತ್ತಿದ್ದವು. ಹವಳವೆಂದರೆ ಬರೀ ಕಲ್ಲಲ್ಲ, ಅದಕ್ಕೂ ಜೀವವಿದೆ. ಒಂದು ಬೇಸಿಗೆ ಕಡಲು ಎಂದೂ ಇಲ್ಲದಷ್ಟು ಕಾದಿತು. ಹವಳ ಬಿಳಿಚಿಕೊಂಡು ಸತ್ತಿತು, ದಿಬ್ಬ ಪುಡಿಯಾಗತೊಡಗಿತು. ಅಲೆಗಳು ಮನೆಯಂಗಳಕ್ಕೆ ಬಂದವು. ಬಾವಿಯ ನೀರು ಉಪ್ಪಾಯಿತು. ಓಡಿಹೋಗೋಣವೆಂದರೆ ದ್ವೀಪದ ಜನಕ್ಕೆ ಬೇರೆ ನೆಲವಿರಲಿಲ್ಲ.

ಒಬ್ಬ ಮೀನುಗಾರನಿಗೆ ಬದುಕಿದ್ದ ಒಂದೇ ಒಂದು ಹವಳದ ಗಡ್ಡೆ ಕಂಡಿತು. ಕುಂಬಳಕಾಯಿಯಷ್ಟು ದೊಡ್ಡದು. ಅವನು ಅದನ್ನು ಊರಿಗೆ ತೋರಿಸಿದ, ಆಮೇಲೆ ಯಾಕಾದರೂ ತೋರಿಸಿದೆನೋ ಎಂದು ಪೇಚಾಡಿದ. ದಿನಕ್ಕೆ ಮೂರು ಸಲ ಮುಳುಗಿ ನೋಡಿಬರುತ್ತಿದ್ದ.

ಹವಳವನ್ನು ತುಂಡು ಮಾಡಿ ಕಲ್ಲಿಗೆ ಕಟ್ಟಿದರೆ ತುಂಡು ತುಂಡೂ ಬೆಳೆಯುತ್ತದೆ. ಇದು ಊರಿಗೆಲ್ಲ ಗೊತ್ತಿತ್ತು. ಮನೆಗೊಂದು ತುಂಡು ಕೊಡು, ನಾವೇ ಸಾಕಿ ದಿಬ್ಬ ಕಟ್ಟುತ್ತೇವೆ ಎಂದು ಜನ ಕೇಳಿದರು.

ಮೀನುಗಾರ ಹೆಂಡತಿಯ ಮುಂದೆ ಅಂದ: "ಇರುವುದೇ ಒಂದು. ಇವರ ಕೈಗೆ ಕೊಟ್ಟರೆ ಅದೂ ಹೋಯಿತು ಅನ್ನು. ಆ ಕೊನೆಮನೆಯವನನ್ನೇ ನೋಡು, ತನ್ನ ಬಲೆಯ ತೂತನ್ನೇ ಹೊಲಿದುಕೊಳ್ಳದವನು."

"ನೀವೊಬ್ಬರೇ ಎಷ್ಟು ದಿನ ಅಂತ ಕಾವಲು ಕಾಯುತ್ತೀರಿ? ಅಲೆ ಬರುವುದು ಎಲ್ಲರ ಮನೆಗೂ ತಾನೇ" ಎಂದಳು ಅವಳು.

ಅವನು ಉಳಿ ಹಿಡಿದು ಮುಳುಗಿದ. ಅರ್ಧ ಗಡ್ಡೆಯನ್ನು ಒಡೆದು ಮನೆಮನೆಗೆ ಹಂಚಿದ, ಇನ್ನರ್ಧವನ್ನು ತನ್ನ ಕಾವಲಿನಲ್ಲೇ ಇಟ್ಟುಕೊಂಡ.

ಅವನು ಹೆದರಿದ ಹಾಗೆಯೇ ಆಯಿತು. ಕೆಲವರು ಹುರಿ ಸಡಿಲ ಬಿಟ್ಟರು, ತುಂಡು ಅಲೆಗೆ ಕೊಚ್ಚಿಹೋಯಿತು. ಕೆಲವರು ಕಟ್ಟಿದ ಮೇಲೆ ಆ ಕಡೆ ತಲೆಯನ್ನೇ ಹಾಕಲಿಲ್ಲ, ಪಾಚಿ ಮುಚ್ಚಿತು. ಕೊನೆಮನೆಯವನಂತೂ ಆಳಕ್ಕೆ ಹೋಗಲು ಸೋಮಾರಿತನ ಪಟ್ಟು, ದಡದ ಪಕ್ಕದಲ್ಲೇ ಮೊಣಕಾಲುದ್ದ ಕಡಲ ನೀರು ನಿಲ್ಲುವ ಗುಂಡಿಯಲ್ಲಿ ಕಟ್ಟಿಬಿಟ್ಟ. ಮಧ್ಯಾಹ್ನದ ಬಿಸಿಲಿಗೆ ಆ ಗುಂಡಿಯ ನೀರು ಕಡಲಿಗಿಂತ ಹೆಚ್ಚು ಕಾಯುತ್ತಿತ್ತು, ಉಬ್ಬರ ಬಂದರಷ್ಟೇ ತಣಿಯುತ್ತಿತ್ತು. ಮಂಗನ ಕೈಗೆ ಮಾಣಿಕ್ಯ ಕೊಟ್ಟೆನಲ್ಲ ಎಂದು ಮೀನುಗಾರ ಅತ್ತ.

ಮೂರನೆಯ ವರ್ಷ ಕಡಲು ಮತ್ತೆ ಕಾದಿತು, ಮೊದಲಿಗಿಂತ ಹೆಚ್ಚು. ಮೀನುಗಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದ ಗಡ್ಡೆ ಒಂದೇ ವಾರದಲ್ಲಿ ಸತ್ತಿತು. ಜಾಣರು ಆಳದಲ್ಲಿ ಕಟ್ಟಿದವೂ ಸತ್ತವು. ಸೋಮಾರಿಯ ಗುಂಡಿಯಲ್ಲಿದ್ದದ್ದು ಮಾತ್ರ ಬಣ್ಣಗೆಡಲಿಲ್ಲ. ದಿನವೂ ಬೆಂದು ಬೆಂದು ಅದಕ್ಕೆ ಬಿಸಿ ರೂಢಿಯಾಗಿತ್ತು.

ಮೀನುಗಾರ ಕೊನೆಮನೆಯ ಬಾಗಿಲಿಗೆ ಹೋಗಿ ಒಂದು ತುಂಡು ಬೇಡಿದ. ಊರೂ ಬೇಡಿತು. ಅಲೆ ಇನ್ನೂ ಅಂಗಳಕ್ಕೆ ಬರುತ್ತಲೇ ಇದೆ. ಅವರು ಕಟ್ಟುತ್ತಲೇ ಇದ್ದಾರೆ.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೂ ಗುರುಗಳೇ, ಬಂದವರಲ್ಲಿ ಯೋಗ್ಯ ಯಾರೆಂದು ಮೊದಲೇ ತಿಳಿದುಕೊಳ್ಳುವ ದಾರಿ ಇದ್ದೇ ಇರಬೇಕಲ್ಲ?"

ಗುರುಗಳು ಹೇಳಿದರು: "ಹಾಗೆ ಆರಿಸುವುದಾಗಿದ್ದರೆ, ನೀನು ಬಂದ ವರ್ಷ ನಾನು ಮೊದಲು ಮನೆಗೆ ಕಳಿಸುತ್ತಿದ್ದದ್ದು ನಿನ್ನನ್ನೇ."