ತಿಪ್ಪೇಶಿ ಹೊತ್ತು ತಂದ ಕಲ್ಲು

ಮಾರಕ್ಕನಿಗೆ ಒಬ್ಬನೇ ಮಗ, ತಿಪ್ಪೇಶಿ. ಆಳು ಬಾಗಿಲೆತ್ತರ ಬೆಳೆದಿದ್ದ. ಬುದ್ಧಿ ಇನ್ನೂ ಅಂಬೆಗಾಲಿಡುತ್ತಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು.

ಮಾರಕ್ಕ ಉರಿಮೂತ್ರವೆಂದು ಮಗನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು. ಹೊಟ್ಟೆಯ ಸ್ಕ್ಯಾನ್ ಮಾಡಿದರು. ಉರಿಗೆ ಮಾತ್ರೆ ಸಾಕಾಯಿತು. ಆದರೆ ಯಾರೂ ಹುಡುಕದ ಒಂದು ಕಲ್ಲು ಪಿತ್ತಕೋಶದಲ್ಲಿ ಕಂಡಿತು.

"ನೋವು ಕೊಡದ ಕಲ್ಲು. ಅದರ ಪಾಡಿಗೆ ಅದು ಇರಲಿ," ಎಂದರು ಡಾಕ್ಟರಮ್ಮ.

ತಿಪ್ಪೇಶಿ ತಲೆಯಾಡಿಸಿದ. ಮಾರಕ್ಕನಿಗೆ ಜೀವವೇ ಹಾರಿದಂತಾಯಿತು. ಹೊಟ್ಟೆಯೊಳಗೆ ಕಲ್ಲು! ನಾನು ಹೋದರೆ ಈ ಪೆದ್ದನಿಗೆ ಯಾರು ಗತಿ?

ಮನೆಗೆ ಬಂದು, "ಅಕ್ಕಿ ಆರಿಸೋ," ಎಂದಳು. ಆರಿಸಿದ. ಬೇಯಿಸಿ ಒಂದು ತುತ್ತು ಬಾಯಿಗಿಟ್ಟಳು. ಕಟ್!

"ಅಯ್ಯೋ ನನ್ನ ಹಲ್ಲೇ! ಕಲ್ಲು ತೆಗೀಲಿಲ್ವೇನೋ?"

"ಕಂಡ್ವು ಅವ್ವ. ನೋವು ಕೊಡ್ತಿರಲಿಲ್ಲ. ಅವುಗಳ ಪಾಡಿಗೆ ಬಿಟ್ಟೆ."

"ಮುಠ್ಠಾಳ! ಮನೇಲಿ ಕಲ್ಲು ಕಂಡ್ರೆ ಬೀದಿಗೆ ಎಸೀಬೇಕು!"

"ಆಗಲಿ ಅವ್ವ."

ಮಾರನೆಯ ದಿನ ಮಾರಕ್ಕ ನೀರು ಹೊತ್ತು ಬಂದಳು. ಒಲೆಗಲ್ಲು ಬೀದಿಯಲ್ಲಿ. ಒಗೆಯೋ ಕಲ್ಲು ಬೀದಿಯಲ್ಲಿ. ಒರಳುಕಲ್ಲು ಹೊಸ್ತಿಲಲ್ಲಿ. ಹಿಂದಿನಿಂದ ತಿಪ್ಪೇಶಿ ಅದನ್ನು ದಬ್ಬುತ್ತಿದ್ದ.

"ಏನೋ ಇದು!"

"ಇನ್ನೂ ಒಂದು ಸಿಕ್ತು ಅವ್ವ!"

"ನಿನ್ನ ತಲೆ! ಎಲ್ಲಾ ಒಳಗೆ ತಾ. ನನಗೆ ಎತ್ತೋಕಾಗಲ್ಲ. ಇನ್ಮೇಲೆ ಅವ್ವನಿಗೆ ಭಾರ ಆದದ್ದನ್ನ ನೀನು ಹೊರಬೇಕು. ತಿಳೀತಾ?"

"ತಿಳೀತು ಅವ್ವ."

ಎಲ್ಲ ಹೊತ್ತು ತಂದ. ನೋಡಿದರೆ ಅವ್ವನ ತಟ್ಟೆ ಬಡಿಸಿದ ಹಾಗೇ ಇತ್ತು.

"ಯಾಕವ್ವ ಉಣ್ಣಲ್ಲ?"

"ಹೊಟ್ಟೇಲಿ ಕಲ್ಲು ಭಾರ ಕಣೋ ಮಗನೇ."

ತಿಪ್ಪೇಶಿ ಎದ್ದ. ನೆಟ್ಟಗೆ ಆಸ್ಪತ್ರೆಗೆ ನಡೆದ. ಸ್ಕ್ಯಾನಿನ ಮಂಚದ ಮೇಲೆ ಅಂಗಿ ಎತ್ತಿ ಮಲಗಿಬಿಟ್ಟ.

"ಏನಪ್ಪ ನಿಂದು?"

"ಅವ್ವನ ಕಲ್ಲು ಇನ್ಮೇಲೆ ನಾನು ಹೊರೋದು. ಬಂತಾ ನೋಡಿ."

ಏಳು ಎಂದರೆ ಏಳಲಿಲ್ಲ. ಅವನ ಸಮಾಧಾನಕ್ಕೆಂದು ಡಾಕ್ಟರಮ್ಮ ನೋಡಿದರು. ಮತ್ತೆ ನೋಡಿದರು.

"ಅಲ್ಲಯ್ಯ, ನಿನಗೂ ಒಂದಿದೆಯಲ್ಲ! ನೋವಿಲ್ಲ ತಾನೆ? ಅದರ ಪಾಡಿಗೆ ಇರಲಿ ಬಿಡು."

ತಿಪ್ಪೇಶಿ ಓಡಿ ಬಂದ.

"ಅವ್ವಾ! ಬಂತು! ನಿನ್ನ ಕಲ್ಲು ನನಗೆ ಬಂತು! ಡಾಕ್ಟರಮ್ಮನೇ ಕಂಡ್ರು!"

ಎದೆ ಬಡಿದುಕೊಳ್ಳಲು ಮಾರಕ್ಕನ ಕೈ ಮೇಲೆದ್ದಿತು.

"ನೋವಿದೆಯೇನೋ ಕಂದಾ?"

"ಇಲ್ಲ. ಹಸಿವಿದೆ."

ಮುದ್ದೆ ಹಾಕಿದಳು. ನುಂಗಿದ. ಇನ್ನೊಂದು ಹಾಕಿದಳು. ಅದನ್ನೂ ನುಂಗಿ ತಟ್ಟೆ ಒಡ್ಡಿದ. ಒಳಗೆ ಕಲ್ಲಿಟ್ಟುಕೊಂಡವನು! ಮಾರಕ್ಕ ನೋಡುತ್ತಲೇ ಇದ್ದಳು. ನಕ್ಕಳು. ತನಗೂ ಒಂದು ಮುದ್ದೆ ಹಾಕಿಕೊಂಡಳು.

"ಎಡಗೈ ಯಾಕೋ ಹೊಟ್ಟೆ ಮೇಲೆ?"

"ಹಿಡ್ಕೊಂಡಿದ್ದೀನಿ. ಬಿಟ್ರೆ ನಿನ್ನ ಹತ್ರ ವಾಪಸ್ ಬಂದ್ಬಿಡುತ್ತೆ. ನೀನು ಉಣ್ಣವ್ವ."