ನೀರಡಿಸಿದವ್ವನ ಓಣಿ

ನಮ್ಮ ಗೌಡನಕಟ್ಟಿಯ ನೇಕಾರರ ಬಡಾವಣೆಗೆ ಬಂದವರು ಮೂರನೆಯ ಓಣಿಯಲ್ಲಿ ತುಸು ನಿಂತೇ ಮುಂದೆ ಹೋಗುತ್ತಾರೆ. ಮೊಣಕಾಲೆತ್ತರದ, ಕೆಂಪು ಬಣ್ಣ ಉದುರಿದ ಕಬ್ಬಿಣದ, ಬೆಂಕಿ ಆರಿಸುವ ನಲ್ಲಿಗಳು ಅಲ್ಲಿ ಮನೆಗಳ ನಡುನಡುವೆ ನಿಂತಿವೆ. ಅವುಗಳ ಕೊರಳಿಗೆ ‘ಬಳಕೆಯಲ್ಲಿಲ್ಲ’ ಎಂಬ ತಗಡು ಕಟ್ಟಿ ಎಷ್ಟೋ ಕಾಲವಾಯಿತು. ಬೇವಿನ ಮರದಡಿಯ ಒಂದಕ್ಕೆ ಮಾತ್ರ ಅರಿಸಿನ, ಕುಂಕುಮ, ಹಸಿರು ಖಣ. ಅವಳೇ ನೀರಡಿಸಿದವ್ವ, ಓಣಿಗೂ ಅವಳದೇ ಹೆಸರು. ಬಾಯಾರಿದ ದೇವರೂ ಉಂಟೇ ಎಂದು ಬಂದವರು ನಗುವುದುಂಟು. ನಗಲಿ, ತಾಯಿ ಮುನಿಯುವವಳಲ್ಲ.

ಹಿಂದೆ ಒಮ್ಮೆ, ಈ ಮನೆಗಳು ಹೊಸದಾಗಿದ್ದಾಗ, ನೂಲಿಗೆ ಕಿಡಿ ತಗಲಿದರೆ ಓಣಿಯೇ ಉರಿದೀತೆಂದು ಕಟ್ಟಿಸಿದವರು ಈ ನಲ್ಲಿಗಳನ್ನು ನೆಡಿಸಿದರಂತೆ. ನೆಲದೊಳಗಿಂದ ನೀರು ಕೊಡುವವಳು ಗಂಗವ್ವನಲ್ಲದೆ ಮತ್ತಾರು? ಹಿರಿಯರು ಬೇವಿನಡಿಯ ನಲ್ಲಿಯನ್ನೇ ಗಂಗವ್ವನೆಂದು ಪೂಜಿಸತೊಡಗಿದರು. ಬೆಂಕಿ ಬೀಳದೆ ನೀರು ಬಿಡುವ ಅವಳ ಚಕ್ರ ತಿರುವಿದರೆ ಬೆಂಕಿಯನ್ನೇ ಕರೆದಂತೆ ಎಂದು ಕಟ್ಟಳೆಯನ್ನೂ ಮಾಡಿದರು. ಹೀಗಾಗಿ ಒಳಗೆ ನೀರಿದೆಯೇ ಎಂದು ಯಾರೂ ನೋಡಲಿಲ್ಲ.

ಆ ಓಣಿಗೆ ಶಾವಂತ್ರೆವ್ವ ಎಂಬವಳು ಸೊಸೆಯಾಗಿ ಬಂದಳು. ಅವಳ ಚೊಚ್ಚಲ ಕೂಸಿನ ತೊಟ್ಟಿಲು ಮಗ್ಗದ ಮನೆಯಲ್ಲಿ, ನೂಲಿನ ಗಂಟುಗಳ ಪಕ್ಕದಲ್ಲೇ ತೂಗುತ್ತಿತ್ತು. ಒಂದು ಶುಕ್ರವಾರ ಪೂಜೆಯ ಹೊತ್ತಿನಲ್ಲಿ ಆರತಿ ತಟ್ಟೆ ತಾಗಿ, ಗಂಗವ್ವ ಬರಿದಾದ ಹಂಡೆಯಂತೆ ಠಣ್ ಎಂದಳು.

“ಅತ್ತೀ, ಗಂಗವ್ವನ ಹೊಟ್ಟಿ ಖಾಲಿ ಐತ್ರಿ.”

“ಖಾಲಿ ಇರೂದು ನಿನ್ನ ತಲಿ,” ಎಂದಳು ಅತ್ತೆ ಗುರುಬಸವ್ವ. “ನಿಮ್ಮ ತವರಾಗ ದೇವರ ಹೊಟ್ಟಿ ಬಡದು ನೋಡ್ತಾರೇನ?”

“ಒಮ್ಮೆ ತಿರುವಿ ನೋಡೂಣ್ರಿ. ಕೂಸು ನೂಲಿನ ಮಗ್ಗಲಕ್ಕ ಮಲಗತೈತಿ.”

“ಕೂಸಿನ ಮ್ಯಾಲೆ ಬೆಂಕಿ ಕರೀತಿಯೇನ? ಸುಮ್ನಿರ!”

ಸೊಸೆಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಒಲೆಯ ಹೊಗೆ ಕಂಡರೂ ತೊಟ್ಟಿಲಿಗೆ ಓಡುವಳು. ಕಟ್ಟಳೆ ಮುರಿಯಲು ಭಯ, ಸುಮ್ಮನಿರಲು ಇನ್ನೂ ಭಯ. ಕೊನೆಗೆ ಬನಶಂಕರಿಗೆ ಕೈಮುಗಿದು, ಒಂದು ಕೊಡ ನೀರು ತಂದು ನಲ್ಲಿಯ ಬುಡದಲ್ಲಿಟ್ಟಳು. ಕೇಳಿದವರಿಗೆ, “ಅವ್ವಗ ನೀರಡಿಕಿ ಆಗೇತಿ,” ಎಂದಳು. ತಾಯಿಗೆ ನೀರಿಡಬೇಡ ಎನ್ನಲು ಯಾರಿಗೆ ಮನಸ್ಸು ಬಂದೀತು? ದಿನದಿನವೂ ಇಟ್ಟಳು, ನೋಡಿ ನೆರೆಯವರೂ ಇಟ್ಟರು. “ಸೊಸಿ ಕೊಡ ಇಟ್ರ ನಾನು ಹಂಡೇನ ಇಡ್ತೀನಿ,” ಎಂದು ಗೊಣಗುತ್ತ ಗುರುಬಸವ್ವನೂ ಇಟ್ಟಳು.

ಆ ಬೇಸಿಗೆಯ ಒಂದು ನಡುಮಧ್ಯಾಹ್ನ, ಶಾವಂತ್ರೆವ್ವ ಹೊರಗೆ ನೂಲು ಒಣಹಾಕುತ್ತಿದ್ದಾಗ, ಒಲೆಯ ಕಿಡಿ ಹಾರಿ ಮಗ್ಗದ ಮನೆ ಹೊತ್ತಿಕೊಂಡಿತು. ಗಂಡಸರು ಓಡಿಬಂದು ಗಂಗವ್ವನ ಚಕ್ರ ತಿರುವಿದರು. ಬಂದದ್ದು ತುಕ್ಕಿನ ಪುಡಿ, ಒಂದು ನಿಟ್ಟುಸಿರು.

“ಆಕಿ ಮುಂದ ಐತಲ್ಲೋ ನೀರು, ಎತ್ರೋ!” ಎಂದು ಚೀರಿದವಳು ಗುರುಬಸವ್ವ.

ಕೊಡ, ಹಂಡೆಗಳು ಕೈಯಿಂದ ಕೈಗೆ ಹೋದವು. ತಲೆಯ ಮೇಲೆ ಒಂದು ಕೊಡ ಸುರುವಿಕೊಂಡು ಒಳನುಗ್ಗಿದ ಶಾವಂತ್ರೆವ್ವ ಕೂಸನ್ನು ಎದೆಗವುಚಿಕೊಂಡು ಹೊರಬಂದಳು. ಮಗ್ಗ ಸುಟ್ಟಿತು, ಕೂಸು ಉಳಿಯಿತು. ಹಿಂದೆ ಯಾವಾಗಲೋ ರಸ್ತೆ ಅಗೆಯುವಾಗ ನಲ್ಲಿಗೆ ನೀರು ತರುವ ಕೊಳವೆಯನ್ನು ಯಾರೋ ಕಡಿದಿದ್ದರೆಂದು ಆಮೇಲೆ ತಿಳಿಯಿತು.

ನೀರಿಲ್ಲದ ನಲ್ಲಿಗೆ ಪೂಜೆಯೇಕೆ ಎಂದು ಕೆಲವರು ಅದನ್ನು ಕೀಳಲು ಹೊರಟಾಗ ಗುರುಬಸವ್ವ ಅಡ್ಡ ನಿಂತಳು. “ತಾನು ನೀರಡಿಸಿ ನಮ್ಮ ಕೂಸು ಉಳಿಸ್ಯಾಳ. ಮುಟ್ಟಬ್ಯಾಡ್ರಿ.” ನೀರಡಿಸಿದವ್ವ ಎಂಬ ಹೆಸರು ಅಂದಿನಿಂದ ನಿಂತಿತು ಎನ್ನುತ್ತಾರೆ.

ಹಳೆಯ ಕಟ್ಟಳೆ ಈಗಿಲ್ಲ. ಶುಕ್ರವಾರ ಬಂದರೆ ನೀವೇ ನೋಡಬಹುದು: ಕುಂಕುಮ ಹಚ್ಚುವ ಮೊದಲು ಹೆಣ್ಣುಮಕ್ಕಳು ಚಕ್ರ ತಿರುವಿ, ಕಬ್ಬಿಣಕ್ಕೆ ಕಿವಿಯಿಟ್ಟು, ಉಸಿರು ಬಿಗಿಹಿಡಿದು ಕೂರುತ್ತಾರೆ. ಒಳಗೆ ಬರೀ ಗಾಳಿ. “ಇವತ್ತೂ ಬಂದಿಲ್ಲವ್ವ,” ಎಂದು ಒಬ್ಬಳು ಮೇಲೇಳುತ್ತಾಳೆ. ಉಳಿದವರು ಆಗಲೇ ಅವ್ವನ ಮುಂದಿಡುವ ಕೊಡ ಹೊತ್ತು ಬಾವಿಯ ಕಡೆ ನಡೆದಿರುತ್ತಾರೆ.