ಜೇನಿಗೆ ಮೊದಲೇ ಹೇಳಿದವನು

"ಬುದ್ಧಿ, ಬಾಲದ ಚುಕ್ಕಿ ಮೂಡಿದರೆ ಮನೆಯಲ್ಲಿ ಸಾವಾಗುತ್ತದೆ ಅನ್ನುತ್ತಾರೆ. ಅದು ನಿಜವೋ, ಸುಳ್ಳೋ?"

ಶಿಷ್ಯ ಬಾಗಿಲ ಬಳಿ ನಿಂತೇ ಕೇಳಿದ.

"ಕೂತುಕೋ," ಎಂದರು ಗುರುಗಳು.

ಕೂತ. ಮತ್ತೆ ಎದ್ದ. ಹೊರಗೆ ಬಿಸಿಲು ಇಳಿಯುತ್ತಿತ್ತು. ಹೋಗಿ ಪಡುವಣ ಬಾನನ್ನು ನೋಡಿ ಬಂದ.

"ಇನ್ನೂ ಕಾಣುವುದಿಲ್ಲ. ಹೊತ್ತು ಮುಳುಗಿದ ಮೇಲೆ ಕಾಣುತ್ತದೆ. ನಮ್ಮೂರ ಜೋಯಿಸರು ನನ್ನ ಹೆಂಡತಿಗೆ ಗಂಡಾಂತರ ಅಂದರು. ಹೊಳೆಯಾಚೆ ಹೋದೆ. ಅಲ್ಲಿನ ಜೋಯಿಸರು ಏನೂ ಇಲ್ಲ ಅಂದರು. ಯಾರ ಮಾತು ಹಿಡಿಯಲಿ? ತಾವು ಹೇಳಿಬಿಡಿ."

"ಅವಳು ಹೇಗಿದ್ದಾಳೆ?"

"ಜ್ವರ. ಮಲಗಿದ್ದಾಳೆ. ಅದಿರಲಿ ಬುದ್ಧಿ, ಚುಕ್ಕಿಯ ವಿಷಯ ಹೇಳಿ."

ಗುರುಗಳು ಅವನ ಮುಖ ನೋಡಿದರು. ಆಮೇಲೆ ಹೇಳಿದರು.

"ಒಂದು ಕಾಲಕ್ಕೆ ಈ ಮಠಕ್ಕೆ ಒಬ್ಬ ಇಂಗ್ಲಿಷ್ ಪಾದ್ರಿ ಬರುತ್ತಿದ್ದ. ಅವನ ದೇಶದ ಕತೆ ಇದು. ಅವನು ತನ್ನ ಅಜ್ಜಿಯಿಂದ ಕೇಳಿದ್ದಂತೆ."

ಅಲ್ಲಿ ಒಂದು ಹಳ್ಳಿಯಲ್ಲಿ ಒಬ್ಬ ಜೇನು ಸಾಕುವವನಿದ್ದ. ಮನೆಯಲ್ಲಿ ಅವನು, ಅವನ ಹೆಂಡತಿ. ಮಕ್ಕಳಿರಲಿಲ್ಲ. ಹಿತ್ತಲಲ್ಲಿ ಹುಲ್ಲು ಹೆಣೆದು ಮಾಡಿದ ಜೇನುಬುಟ್ಟಿಗಳು. ಹುಳಗಳನ್ನು ಅವನು ನೋಡಿಕೊಳ್ಳುತ್ತಿದ್ದ. ಅವನನ್ನು ಅವಳು ನೋಡಿಕೊಳ್ಳುತ್ತಿದ್ದಳು.

ಒಂದು ವರ್ಷ ಹೂ ಬಿಡುವ ಕಾಲಕ್ಕೆ ಬಾನಿನಲ್ಲಿ ಬಾಲದ ಚುಕ್ಕಿ ಮೂಡಿತು.

ಆಗ ಆ ದೇಶದಲ್ಲಿ ಭವಿಷ್ಯ ಹೇಳುವವರು ಬಹಳ. ಸಂತೆಯಿಂದ ಸಂತೆಗೆ ತಿರುಗುತ್ತಿದ್ದರು. ಹೇಳಿದ್ದನ್ನು ಅಚ್ಚು ಹಾಕಿಸಿ ಹಂಚುತ್ತಿದ್ದರು. ಅವರಲ್ಲಿ ಒಬ್ಬನ ಹೆಸರು ದೊಡ್ಡದಾಗಿತ್ತು. ರಾಜ ಪಟ್ಟದಿಂದ ಇಳಿಯುತ್ತಾನೆ ಅಂದಿದ್ದ, ರಾಜ ಇಳಿದ. ಹೊಳೆ ಹತ್ತಿ ಉರಿಯುತ್ತದೆ ಅಂತಲೂ ಅಂದಿದ್ದ. ಹೊಳೆ ಉರಿಯಲಿಲ್ಲ. ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಅವನು ಸಂತೆಗೆ ಬಂದಾಗ ಜೇನಿನವನು ಹೋಗಿ ಮುಂದೆ ನಿಂತ.

"ಈ ಚುಕ್ಕಿ ಮಾಯವಾಗುವ ಮೊದಲು ನಿನ್ನ ಮನೆಯಲ್ಲಿ ಒಂದು ಸಾವು," ಎಂದ ಭವಿಷ್ಯದವನು.

"ಯಾರದು?"

"ಮನೆಯಲ್ಲಿ ಎಷ್ಟು ಜನ?"

"ಇಬ್ಬರು."

"ನಿನಗೆ ಮೈಯಲ್ಲಿ ಏನಾದರೂ ನೋವಿದೆಯಾ?"

"ಇಲ್ಲ."

"ಹಾಗಾದರೆ ಇನ್ನೊಬ್ಬರದು."

ಹೆಂಡತಿಗೆ ಆಗ ಬರೀ ಕೆಮ್ಮು.

ಜೇನಿನವನು ಮನೆಗೆ ಬಂದ. ಅವಳಿಗೆ ಏನೂ ಹೇಳಲಿಲ್ಲ. ಅವಳ ಮುಖ ನೋಡಲು ಆಗಲಿಲ್ಲ. ಸಂಜೆಯಾದರೆ ಊರ ಹೊರಗಿನ ಗುಡ್ಡ ಹತ್ತುತ್ತಿದ್ದ. ಚುಕ್ಕಿಯ ಬಾಲ ಬೆಳೆಯಿತೋ, ಮೊಟಕಾಯಿತೋ ನೋಡುತ್ತಿದ್ದ. ಬೆಳೆದ ಹಾಗೆ ಕಂಡರೆ ಹೆದರಿಕೆ. ಮೊಟಕಾದ ಹಾಗೆ ಕಂಡರೆ ಇನ್ನೂ ಹೆದರಿಕೆ, ದಿನ ಮುಗಿಯುತ್ತಾ ಬಂತು ಎಂದು.

"ಎಲ್ಲಿಗೆ ಹೊರಟಿರಿ?" ಅನ್ನುತ್ತಿದ್ದಳು ಅವಳು.

"ಹೀಗೇ."

"ಊಟ ಆರಿಹೋಗುತ್ತದೆ."

"ನೀನು ಉಣ್ಣು."

ಒಳಗಿನಿಂದ ಕೆಮ್ಮು ಕೇಳುತ್ತಿತ್ತು. ಕೇಳಿದರೆ ಅವನ ಹೆಜ್ಜೆ ಇನ್ನೂ ಜೋರಾಗುತ್ತಿತ್ತು.

ಆ ಕಡೆ ಒಂದು ರೂಢಿ. ಮನೆಯಲ್ಲಿ ಯಾರಾದರೂ ಸತ್ತರೆ ಜೇನಿಗೆ ಹೇಳಬೇಕು. ಮನೆಯ ಬೀಗದಕೈಯಿಂದ ಬುಟ್ಟಿಯನ್ನು ಮೆಲ್ಲಗೆ ತಟ್ಟಬೇಕು. ಇಂಥವರು ಹೋದರು ಎನ್ನಬೇಕು. ಬುಟ್ಟಿಗೆ ಕಪ್ಪು ಬಟ್ಟೆ ಕಟ್ಟಬೇಕು. ಹೇಳದೆ ಹೋದರೆ ಹುಳಗಳು ಮುನಿಸಿಕೊಂಡು ಗೂಡು ಬಿಟ್ಟು ಹೋಗುತ್ತವೆ ಎಂದು ನಂಬಿಕೆ.

ಜೇನಿನವನು ಯೋಚಿಸಿದ. ಅವಳು ಹೋದ ದಿನ ನನಗೆ ಎಚ್ಚರ ಇರುವುದಿಲ್ಲ. ಹೇಳುವುದು ಮರೆತುಬಿಡುತ್ತೇನೆ. ಅವಳೂ ಹೋಗಿ, ಇವೂ ಹೋದರೆ ನನಗೆ ಯಾರು? ಹೀಗೆಂದುಕೊಂಡು ಒಂದು ಬೆಳಿಗ್ಗೆ ಬೀಗದಕೈ ತೆಗೆದುಕೊಂಡು ಹಿತ್ತಲಿಗೆ ಹೋದ. ಬುಟ್ಟಿ ಬುಟ್ಟಿಯನ್ನೂ ತಟ್ಟಿದ. "ನಿಮ್ಮಮ್ಮ ಹೋದಳು," ಎಂದ. ಬಟ್ಟೆ ಕಟ್ಟಿದ. ಮನಸ್ಸು ಹಗುರವಾಗುತ್ತದೆ ಅಂದುಕೊಂಡಿದ್ದ. ಆಗಲಿಲ್ಲ. ಆವತ್ತು ಹಗಲಿನಲ್ಲೇ ಗುಡ್ಡಕ್ಕೆ ಹೋಗಿ ಕೂತ.

ಪಕ್ಕದ ಮನೆಯವಳು ಬೇಲಿಯ ಮೇಲಿಂದ ಕಪ್ಪು ಬಟ್ಟೆ ನೋಡಿದಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದು ರೊಟ್ಟಿ ಸುಟ್ಟು, ಅಳುತ್ತಾ ಬಂದು ಬಾಗಿಲು ತಟ್ಟಿದಳು.

ಸತ್ತವಳೇ ಬಾಗಿಲು ತೆಗೆದಳು.

"ಅಯ್ಯೋ ನನ್ನಪ್ಪಾ, ನೀನಾ!"

"ನಾನೇ. ಯಾಕೆ ಅಳುತ್ತೀಯ? ಯಾರು ಹೋದರು?"

"ನೀನು ಕಣೇ! ಜೇನಿಗೆ ಕಪ್ಪು ಬಟ್ಟೆ ಕಟ್ಟಿದೆ. ನಾನು ನಿನ್ನ ಸಾವಿಗೆ ರೊಟ್ಟಿ ತಂದೆ."

ಅವಳು ಹಿತ್ತಲಿಗೆ ಹೋದಳು. ಬಟ್ಟೆ ನೋಡಿದಳು. ಒಂದೊಂದಾಗಿ ಬಿಚ್ಚಿದಳು. ತಿರುಗಿ ಬಂದು ಕೈ ಚಾಚಿದಳು.

"ತಂದದ್ದು ತಂದೆ. ಕೊಟ್ಟು ಹೋಗು. ಬಿಸಿಯಾಗಿದೆ."

ಗಂಡ ಮನೆಗೆ ಬಂದಾಗ ಆ ಕಪ್ಪು ಬಟ್ಟೆ ಮೇಜಿನ ಮೇಲೆ ಹಾಸಿತ್ತು. ಅದರ ಮೇಲೆ ರೊಟ್ಟಿ.

"ನನ್ನ ತಿಥಿಯ ರೊಟ್ಟಿ. ತಿನ್ನಿ."

ಅವನು ಎಲ್ಲ ಹೇಳಿದ. ಅವಳು ಪೂರ್ತಿ ಕೇಳಿದಳು.

"ಜೇನಿಗೆ ಹೇಳಿದಿರಿ. ನನಗೆ ಯಾಕೆ ಹೇಳಲಿಲ್ಲ?"

"ಹೆದರಿದೆ."

"ಒಬ್ಬರೇ ಯಾಕೆ ಹೆದರಬೇಕಿತ್ತು? ನಾನು ಮನೆಯಲ್ಲೇ ಇದ್ದೆನಲ್ಲ. ನಾಳೆ ಗುಡ್ಡಕ್ಕೆ ಹೋಗಬೇಡಿ. ಇಲ್ಲಿ ಕೂತುಕೊಳ್ಳಿ."

ಅವನು ಕೂತ. ಒಂದು ದಿನ ಪೂರ್ತಿ ಅವಳ ಹಾಸಿಗೆಯ ಅಂಚಿನಲ್ಲಿ ಕೂತ. ಕೆಮ್ಮು ಬಂದಾಗ ಬೆನ್ನು ನೀವಿದ. ಅವಳು ದೊಡ್ಡ ಮಾತು ಏನೂ ಆಡಲಿಲ್ಲ. ಒಲೆಯ ಕಲ್ಲು ಸಡಿಲವಾಗಿದೆ ಅಂದಳು. ಬೆಕ್ಕು ಕಾಣುತ್ತಿಲ್ಲ ಅಂದಳು. ನಿಮ್ಮ ಕೈ ಯಾವಾಗಲೂ ತಣ್ಣಗೆ ಅಂದಳು. ಆಮೇಲೆ ನಿದ್ದೆ ಮಾಡಿದಳು. ಎಷ್ಟೋ ದಿನದ ಮೇಲೆ ಒಳ್ಳೆಯ ನಿದ್ದೆ.

ಅವಳು ನಿದ್ದೆ ಮಾಡಿದಳು. ಅವನು ಮಾಡಲಿಲ್ಲ. ಹೊಸ ಹುಳ ತಲೆಗೆ ಹೊಕ್ಕಿತು. ಸಾವನ್ನು ನಾನೇ ಬಾಯಿಬಿಟ್ಟು ಹೇಳಿದೆ. ಹೇಳಿದ್ದೇ ಕೆಡುಕಾದರೆ? ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಅದು ಭವಿಷ್ಯದವನಿಗೆ ಮಾತ್ರ ಗೊತ್ತಿರುತ್ತದೆ.

ಬೆಳಿಗ್ಗೆ ಎದ್ದು ಹೊರಟ. ಅವಳಿಗೆ ಜ್ವರ ಬಂದಿತ್ತು.

"ಬೇಗ ಬರುತ್ತೇನೆ. ನಿನಗೋಸ್ಕರವೇ ಹೋಗುತ್ತಿರುವುದು."

"ಆ ಚುಕ್ಕಿಗೆ ನನ್ನ ಹೆಸರು ಗೊತ್ತಿಲ್ಲ. ನಿಮಗೆ ಗೊತ್ತಿದೆ. ಕೂತುಕೊಳ್ಳಿ."

ಅವನು ಹೋದ.

ಭವಿಷ್ಯದವನು ಸಂತೆಯ ಊರಲ್ಲಿರಲಿಲ್ಲ. ಮುಂದಿನ ಊರಲ್ಲೂ ಇರಲಿಲ್ಲ. ನಿನ್ನೆ ಇದ್ದ, ಈಗ ಹೋದ ಅನ್ನುತ್ತಿದ್ದರು ಜನ. ಇವನು ಊರಿಂದ ಊರಿಗೆ ನಡೆದ. ಇನ್ನೊಂದು ಊರು ನೋಡಿ ತಿರುಗುತ್ತೇನೆ ಎಂದುಕೊಂಡು ನಡೆದ. ಕೊನೆಗೊಂದು ದೊಡ್ಡ ಊರಲ್ಲಿ ಸಿಕ್ಕಿದ. ಅವನಿಗೆ ಇವನ ಗುರುತೇ ಹತ್ತಲಿಲ್ಲ.

"ಯಾರಪ್ಪಾ ನೀನು?"

"ಜೇನಿನವನು. ನನ್ನ ಹೆಂಡತಿ ಸಾಯುತ್ತಾಳೆ ಅಂದಿದ್ದಿರಿ."

"ನಾನು ಅಂದೆನೇ?" ಬೆರಳು ಮಡಿಸಿ ಏನೋ ಎಣಿಸಿದ. ಹಿಂದೆ ಜನ ಕಾಯುತ್ತಿದ್ದರು. "ಇಲ್ಲ ಇಲ್ಲ. ಈ ಚುಕ್ಕಿ ನಿನ್ನ ಮನೆಗಲ್ಲ. ನೂರು ವರ್ಷ ಬಾಳುತ್ತಾಳೆ, ಹೋಗು."

ಜೇನಿನವನಿಗೆ ಕಣ್ಣೀರು ಬಂತು. ಅವನ ಕಾಲು ಮುಟ್ಟಿದ. ಓಡಿದ. ದಾರಿಯಲ್ಲಿ ಅನ್ನ ನೀರು ನೋಡಲಿಲ್ಲ. ಹೇಗೆ ಹೇಳಲಿ, ಮೊದಲು ಯಾವ ಮಾತು ಹೇಳಲಿ ಎಂದು ಯೋಚಿಸುತ್ತಾ ಓಡಿದ.

ಸಂಜೆಗೆ ಊರ ತಿರುವು ಬಂತು. ತಿರುವಿನಿಂದ ಹಿತ್ತಲು ಕಾಣುತ್ತಿತ್ತು. ಬುಟ್ಟಿಗಳಿಗೆ ಕಪ್ಪು ಬಟ್ಟೆ ಕಟ್ಟಿತ್ತು.

ಬಾಗಿಲು ತೆರೆದಿತ್ತು. ಹೊಸ್ತಿಲ ಮೇಲೆ ಪಕ್ಕದ ಮನೆಯವಳು ಕೂತಿದ್ದಳು. ಈ ಸಲ ಅಳುತ್ತಿರಲಿಲ್ಲ.

"ಯಾವಾಗ?" ಎಂದ.

"ನಿನ್ನೆ."

"ಏನಾದರೂ ಅಂದಳಾ?"

"ಬಾಗಿಲು ಹಾಕಬೇಡ, ಅವರು ಬರುತ್ತಾರೆ ಅಂದಳು. ಆಮೇಲೆ, ಜೇನಿಗೆ ನೀನೇ ಹೇಳಿಬಿಡು, ಅವರಿಗೆ ಇನ್ನೊಂದು ಸಲ ಹೇಳುವುದಕ್ಕೆ ಕಷ್ಟವಾಗುತ್ತದೆ ಅಂದಳು."

ಗುರುಗಳು ನಿಲ್ಲಿಸಿದರು.

ಶಿಷ್ಯ ಮುಂದಕ್ಕೆ ಬಗ್ಗಿದ. "ಹಾಗಾದರೆ ಮೊದಲು ಹೇಳಿದ್ದೇ ನಿಜವಾಯಿತು! ಇಲ್ಲವೇ, ಅಷ್ಟರಲ್ಲಿ ಚುಕ್ಕಿ ಮಾಯವಾಗಿತ್ತೋ? ಅದೊಂದು ತಾವು ಹೇಳಲಿಲ್ಲ."

"ಆ ಸಂಜೆ ಅವನು ಮೇಲೆ ನೋಡಲಿಲ್ಲ. ಅದಕ್ಕೇ ಅದು ಕತೆಯಲ್ಲಿ ಇಲ್ಲ."

ಶಿಷ್ಯನಿಗೆ ಸಮಾಧಾನವಾಗಲಿಲ್ಲ. ಹೊರಗೆ ಬೆಳಕು ಕಂದುತ್ತಿತ್ತು. ಅವನ ಕಣ್ಣು ಮತ್ತೆ ಬಾಗಿಲಿನ ಕಡೆಗೆ, ಪಡುವಣಕ್ಕೆ ಹೋಯಿತು.

"ನಾನು ಕೇಳಿದ್ದಕ್ಕೆ ಉತ್ತರ ಬುದ್ಧಿ? ಬೆಳಿಗ್ಗೆಯಿಂದ ನಡೆದು ಬಂದಿದ್ದೇನೆ."

ಗುರುಗಳು ಕೇಳಿದರು:

"ನೀನು ಇಲ್ಲಿ ಬಂದು ಕೂತಿದ್ದೀಯಲ್ಲ ಮಗಾ, ಈಗ ಅವಳು ನೀರು ಕೇಳಿದರೆ ಕೊಡುವವರು ಯಾರು?"